ಆರೈಕೆಯವಳ ಕಾರ್ಡು

ಪೆನ್ನು ಅಬೀಲಿಯೊನ ಬೆರಳುಗಳಲ್ಲಿ ನಿಲ್ಲಲಿಲ್ಲ. ಎರಡು ಸಲ ಜಾರಿ ಕೌಂಟರಿನ ಮೇಲೆ ಉರುಳಿತು. ಮೂರನೆಯ ಸಲ ಅವನು ಅದನ್ನು ಮುಷ್ಟಿಯಲ್ಲಿ ಹಿಡಿದು, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿಕೊಂಡು ಅರ್ಜಿಯ ಮೇಲೆ ಬಾಗಿದ.

ಗಾಜಿನ ಆಚೆ ಕೂತಿದ್ದ ಹೆಂಗಸಿನ ಎದೆಯ ಪಟ್ಟಿಯಲ್ಲಿ ವಾಂಗ್ ಎಂದಿತ್ತು. ಸಹಿ ಮಾತ್ರ ರೋಗಿಯದಾಗಿದ್ದರೆ ಸಾಕು, ಉಳಿದದ್ದನ್ನು ಯಾರು ಬೇಕಾದರೂ ತುಂಬಬಹುದು ಎಂದು ಅವಳು ಆಗಲೇ ಹೇಳಿದ್ದಳು. ಅವನು ಒಪ್ಪಿರಲಿಲ್ಲ.

"ನಲವತ್ತು ವರ್ಷ ದನಗಳ ಪುಸ್ತಕ ನಾನೇ ಬರ್ದಿದ್ದೀನಮ್ಮ. ನನ್ನ ಅರ್ಜಿ ಬರೆಯೋಕೆ ಇನ್ನೊಬ್ರು ಯಾಕೆ?"

ಮಗಳು ಮಾರ್ಲೀನ್ ಗೋಡೆಗೆ ಒರಗಿ ಗಡಿಯಾರ ನೋಡುತ್ತಿದ್ದಳು. ಅವಳ ಮಟ್ಟಿಗೆ ಈ ಕಾರ್ಡಿಗೆ ಅರ್ಥವೇ ಇರಲಿಲ್ಲ. ಕೌಂಟಿಯ ಆರೋಗ್ಯ ಕಚೇರಿಗೆ ಬರುವ ದಾರಿಯುದ್ದಕ್ಕೂ ಕಾರು ಓಡಿಸುತ್ತಾ ಅದನ್ನೇ ವಿವರಿಸಿದ್ದಳು. ಕ್ಯಾಲಿಫೋರ್ನಿಯಾದಲ್ಲಿ ಈಗ ಇಪ್ಪತ್ತೊಂದು ದಾಟಿದವರು ಯಾರಾದರೂ ಅಂಗಡಿಗೆ ಹೋಗಿ ಗಾಂಜಾ ಎಣ್ಣೆ ತರಬಹುದು. ಕಾಯಿಲೆಗೆಂದು ಕೇಳುವವರಿಗೆ ತೋರಿಸಲು ಡಾಕ್ಟರ ಚೀಟಿ ಇದೆ. ಕಾರ್ಡಿನಿಂದ ಉಳಿಯುವುದು ಅಂಗಡಿಯ ಮಾರಾಟ ತೆರಿಗೆ, ಅಷ್ಟೇ. ಅದಕ್ಕೂ ಪ್ರತಿವರ್ಷ ಇಲ್ಲಿ ಬಂದು ಸಾಲಿನಲ್ಲಿ ನಿಲ್ಲಬೇಕು.

"ಅದಕ್ಕಿಂತ ಲೈಬ್ರರಿ ಕಾರ್ಡ್ ಮಾಡಿಸ್ಕೋ ಅಪ್ಪ, ಪುಸ್ತಕನಾದ್ರೂ ಸಿಗುತ್ತೆ" ಎಂದಿದ್ದಳು.

ಅಬೀಲಿಯೊ ನಕ್ಕಿದ್ದ. ತನ್ನ ಹಸುಗಳು ಎಷ್ಟೊಂದು ಸೊಪ್ಪು ತಿಂದವು, ಒಂದಕ್ಕೂ ಯಾರೂ ಕಾರ್ಡು ಕೇಳಲಿಲ್ಲ ಎಂದಿದ್ದ. ಆದರೆ ಅವನಿಗೆ ಕಾರ್ಡು ಬೇಕಿತ್ತು. ಅವನ ಪ್ರಾಯದ ಕಾಲದಲ್ಲಿ ಪಕ್ಕದ ಹೈನು ಕೊಟ್ಟಿಗೆಯವರ ಮಗನನ್ನು ಇದೇ ಸೊಪ್ಪಿಗಾಗಿ ಪೊಲೀಸರು ಕೈಕೋಳ ಹಾಕಿ ಕರೆದೊಯ್ದಿದ್ದರು. ಸರ್ಕಾರದ ಕಾಗದವಿಲ್ಲದೆ ಅದು ತನ್ನ ಮನೆಯ ಹೊಸ್ತಿಲು ದಾಟಕೂಡದು ಎಂಬುದು ಅವನ ಹಟ. ಡಾಕ್ಟರು ಆ ಎಣ್ಣೆ ಬರೆದುಕೊಟ್ಟು ಎರಡು ತಿಂಗಳಾಗಿತ್ತು. ಕಾರ್ಡು ಬರುವ ತನಕ ಅದನ್ನು ಮುಟ್ಟುವುದಿಲ್ಲವೆಂದು ಅವನು ನಡುಗುವ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದ.

ಅವರ ಜೊತೆ, ಕಾರಿನ ಹಿಂದಿನ ಸೀಟಿನಲ್ಲಿ, ಜುಲ್ಮೀರಾ ಇದ್ದಳು. ಕಾರ್ಡು ಅವಳಿಗೂ ಬೇಕಿತ್ತು, ಕಾರಣ ಬೇರೆ.

ಫೆಬ್ರವರಿಯಲ್ಲಿ ಅಬೀಲಿಯೊ ಬಚ್ಚಲಲ್ಲಿ ಬಿದ್ದಿದ್ದ. ಆಂಬುಲೆನ್ಸಿನ ಹಿಂದೆ ಅವಳೇ ಕಾರು ಓಡಿಸಿಕೊಂಡು ಹೋಗಿದ್ದಳು. ಹೆಂಡತಿಯಾ ಎಂದು ಆಸ್ಪತ್ರೆಯ ನರ್ಸು ಕೇಳಿದಳು. ಅಲ್ಲ, ಹೆಂಡತಿಯ ತಂಗಿ ಎಂದಳು ಜುಲ್ಮೀರಾ. ಹಾಗಾದರೆ ಮನೆಯವರು ಯಾರಾದರೂ ಬರುತ್ತಾರಾ ಎಂದು ನರ್ಸು ಮತ್ತೆ ಕೇಳಿದಳು. ಟರ್ಲಾಕ್ ಪಟ್ಟಣದಿಂದ ಮಾರ್ಲೀನ್ ಬರುವ ತನಕ ಜುಲ್ಮೀರಾ ಹೊರಗೆ ಕಾರಿಡಾರಿನಲ್ಲಿ ಅವನ ಬೂಟುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಒಬ್ಬರು ಕಾಫಿಯನ್ನೂ ತಂದುಕೊಟ್ಟರು.

ಆಮೇಲೆ ಡಾಕ್ಟರು ಕೊಟ್ಟ ಕರಪತ್ರದಲ್ಲಿ ಕಾರ್ಡಿನ ವಿಷಯ ಇತ್ತು. ಕಾರ್ಡು ಎರಡು ಬಗೆ. ಒಂದು ರೋಗಿಗೆ. ಇನ್ನೊಂದು, ಅವನ ಆರೈಕೆಯ ಮುಖ್ಯ ಹೊಣೆ ಹೊತ್ತವರಿಗೆ. ಅವರು ಯಾರೆಂಬುದನ್ನು ರೋಗಿಯೇ ಹೆಸರಿಸಬೇಕು. ಅವಳು ಆ ಸಾಲನ್ನು ಅಡಿಗೆಮನೆಯಲ್ಲಿ ನಿಂತು ಓದಿದಳು, ರಾತ್ರಿಯೂಟದ ಪಾತ್ರೆ ತೊಳೆದ ಮೇಲೆ ಇನ್ನೊಮ್ಮೆ ಓದಿದಳು. ಮರುದಿನ ಬೆಳಿಗ್ಗೆ, "ಕಾರ್ಡು ಮಾಡಿಸೋಣ ಭಾವ" ಎಂದಳು. ಅಷ್ಟೇ.

ಈಗ ಅವನು ಅರ್ಜಿಯಲ್ಲಿ ಆ ಹೆಸರು ಬರೆಯುವ ಸಾಲಿಗೆ ಬಂದಿದ್ದ. ಪೆನ್ನು ಕಾಗದವನ್ನು ಕೆರೆಯುವ ಸದ್ದು ಕೇಳಿಸುತ್ತಿತ್ತು. ಅವಳು ನೋಡಲಿಲ್ಲ. ಲಸಿಕೆಯ ಭಿತ್ತಿಚಿತ್ರದಲ್ಲಿದ್ದ ಮಗುವಿನ ಹಲ್ಲುಗಳನ್ನು ನೋಡುತ್ತಾ ನಿಂತಳು.

ಅವಳು ಈ ದೇಶಕ್ಕೆ ಬಂದದ್ದು ನಾಲ್ಕು ತಿಂಗಳಿಗೆಂದು. ಅಕ್ಕ ಇಲ್ಡಾ ಹಾಸಿಗೆ ಹಿಡಿದಿದ್ದಳು. ಸಮುದ್ರದಾಚೆಯ ಅಜೋರ್ಸ್ ದ್ವೀಪದ ತನ್ನ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ನೆರೆಯವರಿಗೆ ಕೊಟ್ಟು, ಒಂದು ಸೂಟ್‌ಕೇಸಿನೊಂದಿಗೆ ಬಂದಳು. ಇಲ್ಡಾ ಹೋಗಿ ಹನ್ನೊಂದು ವರ್ಷವಾಯಿತು. ಹಿತ್ತಲ ಕಡೆಯ ಕೋಣೆ ಇವಳದ್ದಾಯಿತು, ಸೂಟ್‌ಕೇಸು ಮಂಚದ ಕೆಳಗೆ ಉಳಿಯಿತು. ಇಗರ್ಜಿಯ ಹೆಂಗಸರು ಇಂದಿಗೂ ಅವಳನ್ನು ಹೊಸಬರಿಗೆ ಪರಿಚಯಿಸುವುದು ಇಲ್ಡಾಳ ತಂಗಿ ಎಂದೇ.

ಅಬೀಲಿಯೊ ದನಗಳನ್ನು ಮಾರಿದ ದಿನ, ಲಾರಿಗಳು ಹೋದ ಮೇಲೆ, ಒಳಗೆ ಬಂದು ಅಡಿಗೆಮನೆಯ ಮೇಜಿನ ಮೇಲೆ ಹಣೆ ಇಟ್ಟಿದ್ದ. ಅವಳು ಅವನ ಕತ್ತಿನ ಮೇಲೆ ಕೈ ಇಟ್ಟಳು. ಅವನು ಕದಲಲಿಲ್ಲ. ಒಲೆಯ ಮೇಲೆ ಸೂಪು ಉಕ್ಕಿದಾಗ ಅವಳು ಕೈ ತೆಗೆದಳು. ಅದಾಗಿ ಆರು ವರ್ಷವಾಗಿತ್ತು. ಇಬ್ಬರೂ ಆ ವಿಷಯವನ್ನು ಮತ್ತೆ ಎತ್ತಿರಲಿಲ್ಲ.

ಅವನು ಪೆನ್ನು ಕೆಳಗಿಟ್ಟ. ವಾಂಗ್ ಅರ್ಜಿಯನ್ನು ಎಳೆದುಕೊಂಡು, ಜುಲ್ಮೀರಾಳ ಗುರುತಿನ ಚೀಟಿಯ ಪಕ್ಕದಲ್ಲಿಟ್ಟು ಓದಿದಳು. ಒಮ್ಮೆ ಕನ್ನಡಕ ಸರಿಮಾಡಿಕೊಂಡಳು.

"ಇಲ್ಲಿ ಇಲ್ಡಾ ಅಂತಿದೆ. ಇದರಲ್ಲಿ ಬೇರೆ ಹೆಸರಿದೆಯಲ್ಲ?"

ಮಾರ್ಲೀನ್ ಗೋಡೆ ಬಿಟ್ಟು ನೇರ ನಿಂತಳು.

"ಅದು ನನ್ನ ಅಕ್ಕ" ಎಂದಳು ಜುಲ್ಮೀರಾ.

"ಓ. ಹಾಗಾದ್ರೆ ಅವರೇ ಬರಬೇಕು. ಫೋಟೊ ತೆಗೀಬೇಕಲ್ಲ."

"ಅವಳಿಲ್ಲ. ತೀರಿಕೊಂಡು ಹನ್ನೊಂದು ವರ್ಷ ಆಯ್ತು."

ವಾಂಗ್ ತಲೆ ತಗ್ಗಿಸಿ, ಕಪಾಟಿನಿಂದ ಇನ್ನೊಂದು ಖಾಲಿ ಅರ್ಜಿ ತೆಗೆದು ಗಾಜಿನ ಕೆಳಗಿಂದ ಸರಿಸಿದಳು. ಅಬೀಲಿಯೊ ಮೊದಲಿನ ಅರ್ಜಿಯನ್ನೇ ನೋಡುತ್ತಿದ್ದ, ಅದನ್ನು ಬರೆದವರು ಬೇರೆ ಯಾರೋ ಎಂಬಂತೆ. ಅಕ್ಷರಗಳು ಸೊಟ್ಟಗಿದ್ದರೂ ಹೆಸರು ಪೂರ್ತಿಯಾಗಿತ್ತು, ಒಂದು ಅಕ್ಷರವೂ ತಪ್ಪಿರಲಿಲ್ಲ. ಅವನು ಪೆನ್ನನ್ನು ಜುಲ್ಮೀರಾಳ ಕಡೆ ತಳ್ಳಿದ.

"ನೀನೇ ಬರಿ" ಎಂದ. "ಕೈ ಸೋತಿದೆ."

ಅವಳು ಅವನ ಹೆಸರು ಬರೆದಳು, ವಿಳಾಸ ಬರೆದಳು, ಕಾಯಿಲೆಯ ಹೆಸರು ಬರೆದಳು. ಆರೈಕೆಯ ಹೊಣೆ ಹೊತ್ತವರು ಎಂಬಲ್ಲಿ ತನ್ನ ಹೆಸರನ್ನು ತಾನೇ ಬರೆದುಕೊಂಡಳು. ಅವನು ಕೆಳಗೆ ಸಹಿ ಮಾಡಿದ. ವಾಂಗ್ ಅವಳನ್ನು ಬಿಳಿ ಪರದೆಯ ಮುಂದೆ ನಿಲ್ಲಿಸಿ, ಗಲ್ಲ ಸ್ವಲ್ಪ ಮೇಲೆ ಎಂದಳು. ಅವಳು ಗಲ್ಲ ಎತ್ತಿದಳು.

ಹಿಂದಿರುಗುವಾಗ ಬಾದಾಮಿ ತೋಟಗಳು ಮುಗಿದು ದನದ ಕೊಟ್ಟಿಗೆಗಳ ವಾಸನೆ ಶುರುವಾಯಿತು. ಅಬೀಲಿಯೊ ಕಣ್ಣು ಮುಚ್ಚಿದ್ದ. ನಿದ್ದೆ ಬಂದಿತ್ತೋ ಇಲ್ಲವೋ. ಮಾರ್ಲೀನ್ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದಳು.

"ಚಿಕ್ಕಮ್ಮ, ಅಪ್ಪ ಬೇಕಂತ ಮಾಡಿದ್ದಲ್ಲ."

"ಗೊತ್ತು ಕಣೇ."

"ಎಲ್ಲ ಅರ್ಜೀಲೂ ಅಮ್ಮನ ಹೆಸರು ಬರ್ದು ಬರ್ದು ರೂಢಿ."

"ಗೊತ್ತು ಅಂದ್ನಲ್ಲ. ರಸ್ತೆ ನೋಡು."

ಕಾರ್ಡು ಬರಲು ಐದು ವಾರ ಹಿಡಿಯಬಹುದು ಎಂದಿದ್ದರು. ಮೂರನೆಯ ದಿನದಿಂದಲೇ ಜುಲ್ಮೀರಾ ರಸ್ತೆಯಂಚಿನ ಅಂಚೆಪೆಟ್ಟಿಗೆಗೆ ಹೋಗಿ ಬರತೊಡಗಿದಳು. ಮುಂಚೆ ಅದು ವಾರಗಟ್ಟಲೆ ತುಂಬಿಕೊಂಡಿರುತ್ತಿತ್ತು. ಶನಿವಾರ ಇಗರ್ಜಿಯ ಅಡಿಗೆಮನೆಯಲ್ಲಿ ಸಿಹಿ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಾಗ ಸುದ್ದಿ ಆಗಲೇ ಅಲ್ಲಿಗೂ ಮುಟ್ಟಿತ್ತು. ತನ್ನ ಸೊಸೆ ಕಾರ್ಡು ಗೀರ್ಡು ಇಲ್ಲದೆ ಅದೇ ಎಣ್ಣೆ ತಂದು ತನ್ನ ಮಂಡಿಗೆ ಹಚ್ಚುತ್ತಾಳೆ, ಈ ರಗಳೆಯೆಲ್ಲ ನಿನಗೆ ಯಾಕೆ ಎಂದು ದಪ್ಪ ಕೈಗಳ ಫಿಲೊಮೇನಾ ಕೇಳಿದಳು.

"ಎಣ್ಣೆ ಬಂದ್ಮೇಲೆ ಅದೇ ಕೈಯಲ್ಲಿ ಹಿಟ್ಟು ನಾದ್ಬೇಡ. ಪಾದ್ರಿ ತಿಂದ್ರೆ ಪ್ರವಚನ ಮುಗಿಯೋದೇ ಇಲ್ಲ ನೋಡು" ಎಂದು ಸೇರಿಸಿದಳು.

ಎಲ್ಲರೂ ನಕ್ಕರು. ಜುಲ್ಮೀರಾ ಕೂಡ ನಕ್ಕಳು. ಅವರು ಏನು ಹೇಳಿದರೂ ಕಾರ್ಡು ಬಂದ ಮೇಲೆ ಅದನ್ನು ಪರ್ಸಿನಲ್ಲಿ, ತೆಗೆದರೆ ಮೊದಲು ಕಾಣುವ ಜಾಗದಲ್ಲಿ ಇಡಬೇಕೆಂದು ಅವಳು ತೀರ್ಮಾನಿಸಿದ್ದಳು. ಅಲ್ಲಿದ್ದ ಮಾತೆ ಮರಿಯಳ ಚಿತ್ರವನ್ನು ಪಕ್ಕಕ್ಕೆ ಸರಿಸಿಯೂ ಇದ್ದಳು.

ನಾಲ್ಕನೆಯ ವಾರ ಲಕೋಟೆ ಬಂತು. ಅವಳು ಅಂಚೆಪೆಟ್ಟಿಗೆಯ ಹತ್ತಿರವೇ ನಿಂತು ಒಡೆದಳು. ಎರಡು ಕಾರ್ಡುಗಳಿದ್ದವು. ಒಂದರಲ್ಲಿ ಅವನ ಮುಖ, ಕೆಳಗೆ ರೋಗಿ ಎಂದು. ಇನ್ನೊಂದರಲ್ಲಿ ಗಲ್ಲ ಎತ್ತಿದ ಅವಳ ಮುಖ, ಕೆಳಗೆ ಆರೈಕೆಯವರು ಎಂದು. ಒಂಬತ್ತು ಅಂಕಿಯ ಒಂದು ಸಂಖ್ಯೆ, ಒಂದು ತಾರೀಖು, ಕೌಂಟಿ ಕಚೇರಿಯ ಫೋನು. ಅವಳು ಕಾರ್ಡನ್ನು ತಿರುಗಿಸಿದಳು. ಹಿಂದೆಯೂ ಹೆಸರಿರಲಿಲ್ಲ. ಅವಳ ಹೆಸರೂ ಇರಲಿಲ್ಲ, ಅವನ ಹೆಸರೂ ಇರಲಿಲ್ಲ.

ಒಳಗೆ ಬಂದು ಮಾರ್ಲೀನಳಿಗೆ ಫೋನು ಮಾಡಿದಳು. ಏನೋ ತಪ್ಪಾಗಿದೆ, ಹೆಸರು ಹಾಕುವುದನ್ನು ಮರೆತಿದ್ದಾರೆ ಎಂದಳು.

"ಮರ್ತಿಲ್ಲ ಚಿಕ್ಕಮ್ಮ. ಅದು ಇರೋದೇ ಹಾಗೆ. ಅಂಗಡಿಯವ್ರಿಗೆ, ಪೊಲೀಸ್ರಿಗೆ ಹೆಸರು ಗೊತ್ತಾಗಬಾರ್ದು ಅಂತ. ನಂಬರ್ ಒಂದಿದ್ರೆ ಸಾಕು ಅವ್ರಿಗೆ."

"ಹಾಗಾದ್ರೆ ಇದು ಯಾರ ಕಾರ್ಡು ಅಂತ ಹೇಗೆ ಗೊತ್ತಾಗುತ್ತೆ?"

"ನಿನ್ನ ಮುಖ ಇದೆಯಲ್ಲ." ಎಂದಳು ಮಾರ್ಲೀನ್. "ನಾನು ಮೊದ್ಲೇ ಹೇಳಿದ್ನಲ್ಲ, ಅದರಿಂದ ಏನೂ ಉಪಯೋಗ ಇಲ್ಲ ಅಂತ."

ಅಂಗಡಿಯಲ್ಲಿ ಕಾರ್ಡು ನೋಡಿದವನು ತೆರಿಗೆ ಕಳೆದು ಎಣ್ಣೆಯ ಸಣ್ಣ ಬಾಟಲಿ ಕೊಟ್ಟ. ಯಾರಿಗೆಂದು ಕೇಳಲಿಲ್ಲ. ಮನೆಗೆ ಬಂದು ಅವಳು ಅಬೀಲಿಯೊನ ನಾಲಿಗೆಯ ಕೆಳಗೆ ಹನಿಗಳನ್ನು ಬಿಟ್ಟಳು. ಅವನು ಮುಖ ಹಿಂಡಿ, ಕೊಳೆತ ಹುಲ್ಲಿನ ಹಾಗಿದೆ ಎಂದ. ಮುಕ್ಕಾಲು ಗಂಟೆಯಾದ ಮೇಲೆ ಅವನ ಕೈ ತೊಡೆಯ ಕೆಳಗಿಂದ ಹೊರಗೆ ಬಂದು ಕುರ್ಚಿಯ ತೋಳಿನ ಮೇಲೆ ಬಹುಮಟ್ಟಿಗೆ ನಿಶ್ಚಲವಾಗಿ ಕೂತಿತು. ಅವನು ಆ ಕೈಯನ್ನು ನೋಡಿದ. ಆಮೇಲೆ ಕಾರ್ಡು ತೋರಿಸು ಎಂದ.

ಅವಳು ತನ್ನದನ್ನೂ ಕೊಟ್ಟಳು. ಅವನು ತನ್ನ ಕಾರ್ಡನ್ನು ಒಂದು ಸಲ ನೋಡಿ ಬದಿಗಿಟ್ಟ. ಅವಳದನ್ನು ಕಿಟಕಿಯ ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತಾ, ಬಹಳ ಹೊತ್ತು ನೋಡಿದ.

"ಕೊನೆಗೂ ದನಗಳ ಹಾಗೆ ನಮಗೂ ನಂಬರಿನ ಕಿವಿ ಓಲೆ ಹಾಕಿದ್ರು" ಎಂದು ಹಿಂದಿರುಗಿಸಿದ.

ಅವಳು ಅದನ್ನು ಪರ್ಸಿನಲ್ಲಿ ಇಡಲಿಲ್ಲ. ಅಡಿಗೆಮನೆಯ ಡ್ರಾಯರಿನಲ್ಲಿ, ದಾರದ ಉಂಡೆ ಮತ್ತು ಹಳೆಯ ಬೀಗದ ಕೈಗಳ ಜೊತೆ ಹಾಕಿದಳು.

ದನಗಳ ಕಿವಿಗೆ ಹಾಕುವ ಆ ಓಲೆಗಳ ಸಂಖ್ಯೆಗಳು ಅಬೀಲಿಯೊನ ಬಾಯಿಯಿಂದ ಹೋಗಿರಲಿಲ್ಲ. ಬೇರೆಯವರು ಜಪಮಾಲೆ ಹಿಡಿಯುವ ಹಾಗೆ ಅವನು ಮಧ್ಯಾಹ್ನದ ಹೊತ್ತು ಕುರ್ಚಿಯಲ್ಲಿ ಕೂತು ಅವನ್ನು ಹೇಳಿಕೊಳ್ಳುತ್ತಿದ್ದ. ಎಲ್ಲ ಹಸುಗಳದ್ದಲ್ಲ. ಮಾರಬೇಕಾದ ಹಸುವಿನ ಸಂಖ್ಯೆಯನ್ನು ಅವನು ಯಾವತ್ತೂ ಕಲಿಯುತ್ತಿರಲಿಲ್ಲ, ಪುಸ್ತಕ ನೋಡಿಯೇ ಹೇಳುತ್ತಿದ್ದ. ಬಾಯಿಪಾಠವಾಗಿದ್ದದ್ದು ಉಳಿಸಿಕೊಳ್ಳಬೇಕೆಂದಿದ್ದವುಗಳದ್ದು ಮಾತ್ರ. ಇಲ್ಡಾ ಇದನ್ನು ಹೇಳಿ ನಗುತ್ತಿದ್ದಳು: ಹಸುವಿನ ಓಲೆ ನೋಡದೆ ಅವನು ಸಂಖ್ಯೆ ಹೇಳಿದರೆ, ಆ ಹಸು ಕೊಟ್ಟಿಗೆಯಲ್ಲೇ ಮುದಿಯಾಗುತ್ತದೆ ಎಂದು ತಿಳಿದುಕೊಳ್ಳಬೇಕಂತೆ.

ಕಾರ್ಡು ಬಂದು ಹತ್ತು ಹನ್ನೆರಡು ದಿನವಾಗಿತ್ತು. ಜುಲ್ಮೀರಾ ಸಿಂಕಿನ ಮುಂದೆ ನಿಂತು ಸೂಪಿಗೆ ಸೊಪ್ಪು ತೊಳೆಯುತ್ತಿದ್ದಳು. ಮುಂದಿನ ಕೋಣೆಯಿಂದ ಅವನ ದನಿ ಬರುತ್ತಿತ್ತು. ನಾನೂರ ಹನ್ನೆರಡು. ನಾನೂರ ಹದಿನೇಳು. ನಾನೂರ ಮೂವತ್ತೊಂದು, ಹಿಂಗಾಲು ಕುಂಟು. ಅವಳಿಗೂ ಆ ಸಾಲು ಗೊತ್ತಿತ್ತು. ನಾನೂರ ನಲವತ್ತರ ಆಮೇಲೆ ಐನೂರ ಎರಡು ಬರಬೇಕು.

ಬರಲಿಲ್ಲ. ಅವನು ಬಿಡಿ ಬಿಡಿ ಅಂಕಿಗಳನ್ನು ಹೇಳತೊಡಗಿದ. ಏಳು. ಸೊನ್ನೆ. ಮೂರು.

ಔಷಧಿ ಹೆಚ್ಚಾಯಿತೇನೋ ಎಂದುಕೊಂಡಳು. ಅವನು ಮೊದಲಿನಿಂದ ಶುರುಮಾಡಿದ. ಏಳು. ಸೊನ್ನೆ. ಮೂರು. ಮೂರು. ಅವಳು ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯಲ್ಲೇ ಡ್ರಾಯರು ಎಳೆದು, ದಾರವನ್ನು ಸರಿಸಿ, ತನ್ನ ಕಾರ್ಡು ಹುಡುಕಿ ತೆಗೆದಳು. ಆ ಸಂಖ್ಯೆ ಅವಳಿಗೇ ಬಾಯಿಗೆ ಬರುತ್ತಿರಲಿಲ್ಲ.

ಎಂಟು, ಎಂದ ಅವನು. ಅವಳ ಬೆರಳು ಎಂಟರ ಕೆಳಗಿತ್ತು. ಒಂದು. ಆರು. ನಡುವೆ ಉಸಿರು ತೆಗೆದುಕೊಂಡ. ಆರು. ಎರಡು.

ಕಾರ್ಡಿನಲ್ಲಿ ಅದೇ ಕೊನೆಯದು.

ಆಮೇಲೆ ಅವನು ಐನೂರ ಎರಡಕ್ಕೆ ಹೋದ, ಐನೂರ ಒಂಬತ್ತಕ್ಕೆ ಹೋದ. ಅವಳು ಚಿತ್ರದ ಮೇಲೆ ಬಿದ್ದಿದ್ದ ನೀರನ್ನು ಏಪ್ರನ್ನಿನಿಂದ ಒರೆಸಿದಳು. ಮತ್ತೊಮ್ಮೆ ಹೇಳಿಯಾನೆಂದು ನಲ್ಲಿಯನ್ನು ತಿರುಗಿಸದೆ ನಿಂತಳು. ಸಿಂಕಿನಲ್ಲಿ ಸೊಪ್ಪಿನ ಎಲೆಗಳು ತೇಲುತ್ತಿದ್ದವು.