ಮದುವೆ ಕಾರಿನ ಬೊಬ್ಬೆ

ಜೋನಳ ಮದುವೆಯ ದಿನ ಮಧ್ಯಾಹ್ನ, ಹೂಮಾಲೆ ಸುತ್ತಿಕೊಂಡು ಮಂಗಳೂರು ಫಳ್ನೀರಿನ ಮನೆಯಂಗಳದಲ್ಲಿ ನಿಂತಿದ್ದ ಬಿಳಿ ಅಂಬಾಸಿಡರ್ ಕಾರು ಮತ್ತೆ ಬೊಬ್ಬೆ ಹಾಕಿತು. ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ.

ಕಾರು ಜೋನಳ ಅಣ್ಣ ಅಲೆಕ್ಸನದು. ಕುವೈತಿನಿಂದ ರಜೆಗೆ ಬರುವಾಗ ಅವನು ಕಳ್ಳರನ್ನು ಹೆದರಿಸುವ ಅಲಾರಂ ಒಂದನ್ನು ತಂದಿದ್ದ. ೧೯೮೩ರಲ್ಲಿ ಮಂಗಳೂರಿನಲ್ಲಿ ಅಂಥದ್ದನ್ನು ಕಂಡವರೇ ಕಡಿಮೆ. ಬಾಗಿಲು, ಬಾನೆಟ್, ಡಿಕ್ಕಿ, ಎಲ್ಲದರ ಅಂಚಿಗೂ ಅವನೇ ಕೂತು ಪುಟ್ಟ ಗುಂಡಿ ಜೋಡಿಸಿದ್ದ. ಮುಚ್ಚಿದ್ದರೆ ಗುಂಡಿ ಒತ್ತಿಕೊಂಡಿರುತ್ತದೆ. ಯಾರಾದರೂ ತೆರೆದರೆ ಮೇಲೆದ್ದು ಹಾರ್ನ್ ಕೂಗಿಸುತ್ತದೆ. ಆದರೆ ಒಂದು ವಾರದಿಂದ ಯಾರೂ ತೆರೆಯದೆಯೇ ಅದು ಕೂಗುತ್ತಿತ್ತು.

ತಲೆಗೆ ಅರ್ಧ ಹೂ ಮುಡಿದಿದ್ದ ಜೋನ್ ಓಡಿ ಬಂದಳು. "ಅಲೆಕ್ಸಣ್ಣಾ, ನಾನು ಇಗರ್ಜಿಯಲ್ಲಿ ಪಾದ್ರಿಗಳೆದುರು ಆಲ್ತಾರಿನ ಮುಂದೆ ನಿಂತಿರುವಾಗ ಇದು ಹೀಗೆ ಕೂಗಿದರೆ ಎಂತ ಮಾಡುವುದು? ಆಫ್ ಮಾಡಿಡು!"

"ಮಾಡ್ಲಿಕ್ಕೆ ಆಗುವುದಿಲ್ಲ ಮಾರಾಯ್ತಿ. ಗಂಡನ ಮನೆಗೆ ಕೊಂಡುಹೋಗುವ ನಿನ್ನ ಬಂಗಾರದ ಪೆಟ್ಟಿಗೆ ಡಿಕ್ಕಿಯಲ್ಲೇ ಉಂಟು. ನಾವೆಲ್ಲ ಇಗರ್ಜಿಯ ಒಳಗಿರುವಾಗ ಕಾರು ನೋಡುವವರು ಯಾರು?"

ಕೀಲಿ ತಿರುಗಿಸಿ ಅವನು ಹಾರ್ನ್ ನಿಲ್ಲಿಸಿದ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಉಮಾವತಿ ಇಣುಕಿದರು. "ಬಿಚ್ಚಿ ಬಿಸಾಡಿ ಅದನ್ನು! ನಮ್ಮ ಅತ್ತೆ ಹೆದರಿ ಎದ್ದು ಕೂತಿದ್ದಾರೆ."

ಅಲೆಕ್ಸನ ಹೆಂಡತಿ ತೆರೆಸಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಗೋಡೆಯ ಹತ್ತಿರ ಹೋಗಿ ಕೇಳಿದಳು: "ಉಮಾವತಿಯಕ್ಕ, ಇದು ಬೆಳಿಗ್ಗೆ ಯಾವತ್ತಾದರೂ ಕೂಗಿದ್ದುಂಟಾ?"

"ಬೆಳಿಗ್ಗೆಯಾ? ಇಲ್ಲಪ್ಪ. ಯಾವಾಗಲೂ ನಾವು ಉಂಡು ಮಲಗುವ ಹೊತ್ತಿಗೇ. ಮೊನ್ನೆ ಮಳೆ ಬಂತಲ್ಲ, ಆವತ್ತು ಇಡೀ ದಿನ ಸುಮ್ಮನಿತ್ತು."

ತೆರೆಸಾಳ ಕಣ್ಣು ಅರಳಿತು. "ಬಿಸಿಲು! ಕೇಳಿದಿರಾ? ಬಿಸಿಲಿಗೆ ಎಲ್ಲೋ ಒಂದು ಗುಂಡಿ ಏಳ್ತಾ ಉಂಟು. ಗೋಣಿ ತನ್ನಿ, ನೀರು ತನ್ನಿ!"

ಬಾವಿಯಿಂದ ನೀರು ಸೇದಿದ್ದಾಯಿತು. ಮೊದಲು ಒದ್ದೆ ಗೋಣಿಯನ್ನು ಬಾನೆಟ್ಟಿಗೆ ಹೊದಿಸಿ ಅಲಾರಂ ಹಾಕಿದರು. ಹಾರ್ನ್ ತಕ್ಷಣ ಕಿರುಚಿತು. ನಿಲ್ಲಿಸಿ, ಬಾಗಿಲುಗಳಿಗೆ ನೀರು ಹೊಯ್ದು ನೋಡಿದರು. ಮತ್ತೆ ಅದೇ ಕಿರುಚಾಟ. ಕೊನೆಗೆ ಗೋಣಿಯನ್ನು ಡಿಕ್ಕಿಯ ಮೇಲೆ ಹಾಸಿ ಕೊಡಗಟ್ಟಲೆ ನೀರು ಸುರಿದರು. ಸ್ವಲ್ಪ ತಣಿದ ಮೇಲೆ ಅಲೆಕ್ಸ್ ಕೀಲಿ ತಿರುಗಿಸಿದ.

ಸದ್ದಿಲ್ಲ.

"ಗೋಣಿ ತೆಗೆಯಿರಿ," ತೆರೆಸಾ ಪಿಸುಗುಟ್ಟಿದಳು.

ಮೇ ತಿಂಗಳ ಬಿಸಿಲು ಡಿಕ್ಕಿಯ ಮೇಲಿನ ನೀರನ್ನು ಹೀರಿಕೊಂಡಿತು. ಎಲ್ಲರೂ ನೆರಳಿಗೆ ಸರಿದು ಕಾದು ನಿಂತರು. ತಗಡು ಒಣಗಿತು, ಕಾಯಿತು, ಮುಟ್ಟಿದರೆ ಚುರ್ ಎನ್ನುವಂತಾಯಿತು. ಪೇಂ! ಎಂದು ಹಾರ್ನ್ ಹೊಡೆದುಕೊಂಡಾಗ ಜೋನ್ ಚಪ್ಪಾಳೆ ತಟ್ಟಿ ಕುಣಿದೇಬಿಟ್ಟಳು. ಉಮಾವತಿಯಂತೂ ಗೇಟು ತಳ್ಳಿಕೊಂಡು ಅಂಗಳಕ್ಕೇ ಬಂದಿದ್ದರು.

ತೆರೆಸಾ ಡಿಕ್ಕಿಯ ಸುತ್ತ ಬೆರಳಾಡಿಸಿದಳು. ಅಂಚಿನ ರಬ್ಬರ್ ದಪ್ಪಗೆ, ಹೊಸದಾಗಿತ್ತು.

"ಇದನ್ನು ಯಾವಾಗ ಹಾಕಿಸಿದ್ದು?"

"ಹೋದ ವಾರ," ಎಂದ ಅಲೆಕ್ಸ್. "ಮಳೆಗಾಲದಲ್ಲಿ ನೀರು ಒಳಗೆ ಬರಬಾರದು ಅಂತ..." ಮಾತು ಮುಗಿಯುವ ಮೊದಲೇ ಅವನಿಗೂ ಹೊಳೆಯಿತು. ಹಣೆಗೆ ಕೈ ಹೊಡೆದುಕೊಂಡ. ಕಾದ ರಬ್ಬರ್ ಉಬ್ಬಿ ಮುಚ್ಚಳವನ್ನು ಕೂದಲೆಳೆಯಷ್ಟು ಎತ್ತುತ್ತಿತ್ತು. ಗುಂಡಿಗೆ ಅಷ್ಟೇ ಸಾಕಿತ್ತು.

"ಮುಚ್ಚಳ ಚೂರು ಎದ್ದರೂ ಗುಂಡಿ ಒತ್ತಿಕೊಂಡೇ ಇರುವ ಹಾಗೆ ಅದರ ಒಳಗೆ ಏನಾದರೂ ದಪ್ಪದ್ದು ಅಂಟಿಸಬೇಕು," ಎಂದ ತೆರೆಸಾಳ ದೃಷ್ಟಿ ಗಂಡನ ಕಾಲಿನ ಮೇಲೆ ಬಿತ್ತು.

"ಅಯ್ಯೋ, ಇದು ಹೊಸ ಹವಾಯಿ ಚಪ್ಪಲಿ!"

"ಈಗ ಹೇಗಿದ್ದರೂ ನೀವು ಬೂಟು ಹಾಕುವವರಲ್ವಾ? ಕೊಡಿ!"

ಚಪ್ಪಲಿಯ ಹಿಮ್ಮಡಿಯಿಂದ ಒಂದು ತುಂಡು ಕತ್ತರಿಸಿದರು. ಉಮಾವತಿ ಮನೆಗೆ ಓಡಿ ಸೈಕಲ್ ಟ್ಯೂಬಿಗೆ ಅಂಟಿಸುವ ಸೊಲ್ಯೂಷನ್ ತಂದುಕೊಟ್ಟರು. ಅಂಟಿಸಿ, ಒಣಗಿಸಿ, ಡಿಕ್ಕಿ ಮುಚ್ಚಿ ಮತ್ತೆ ಬಿಸಿಲಿಗೆ ಬಿಟ್ಟರು. ತಗಡು ಕಾದು ಹೊಳೆಯಿತು, ಹಾರ್ನ್ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಅಷ್ಟರಲ್ಲಿ ಹೊರಡುವ ಹೊತ್ತಾಗಿತ್ತು. ತೆರೆಸಾ ಅಂಟು ಮೆತ್ತಿದ ಕೈ ತೊಳೆದಳೋ ಇಲ್ಲವೋ, ಸೀರೆ ಸುತ್ತಿಕೊಂಡು ಕಾರು ಹತ್ತಿದಳು.

ಪೂಜೆಯುದ್ದಕ್ಕೂ ಅವಳ ಕಿವಿ ಇಗರ್ಜಿಯ ಹೊರಗಿತ್ತು. ಪಾದ್ರಿಗಳ ಪ್ರಸಂಗ ಮುಗಿಯಿತು. ಮದುಮಗ ಪೌಲ್ ಜೋನಳ ಬೆರಳಿಗೆ ಉಂಗುರ ತೊಡಿಸಿದ. ಇಗರ್ಜಿಯ ಮೈದಾನದ ಸುಡು ಬಿಸಿಲಿನಲ್ಲಿ ಕಾರು ಗಪ್‌ಚಿಪ್. ತೆರೆಸಾಳಿಗೆ ಎದ್ದು ನಿಂತು ಕೂಗಿ ಹೇಳಬೇಕೆನ್ನುವಷ್ಟು ಖುಷಿಯಾಯಿತು.

ಎಲ್ಲರೂ ಹೊರಗೆ ಬಂದಾಗ ಅಲೆಕ್ಸ್ ಮಾತ್ರ ಮುಖ ಸಣ್ಣದು ಮಾಡಿಕೊಂಡು ಕಾರಿನ ಹಿಂದೆ ನಿಂತಿದ್ದ. "ಇಷ್ಟು ಸುಮ್ಮನಿದೆ ಅಂದರೆ ಸತ್ತೇ ಹೋಗಿದೆಯೋ ಏನೋ ತೆರೆಸಾ. ಒಮ್ಮೆ ನೋಡುವಾ."

"ಬೇಡ, ಬೇಡ!" ಎನ್ನುವಷ್ಟರಲ್ಲಿ ಅವನು ಡಿಕ್ಕಿ ಎತ್ತಿಯಾಗಿತ್ತು.

ಪೇಂ, ಪೇಂ, ಪೇಂ! ಪೌಲ್ ಬೆಚ್ಚಿ ಬಿದ್ದ. ಬ್ಯಾಂಡಿನವರು ತಮಗೆ ಸೂಚನೆ ಸಿಕ್ಕಿತೆಂದುಕೊಂಡು ಜೋರಾಗಿ ಬಾರಿಸತೊಡಗಿದರು. ಜೋನ್ ಹೊಟ್ಟೆ ಹಿಡಿದುಕೊಂಡು ನಗುತ್ತಾ, ನಾಚಿ ನಿಂತಿದ್ದ ತೆರೆಸಾಳ ಕೈ ಹಿಡಿದೆಳೆದಳು.

"ನೀವು ನಮ್ಮ ಕಾರಿನಲ್ಲೇ ಬನ್ನಿ ಅತ್ತಿಗೆ. ಪೌಲ್‌ಗೆ ಇಡೀ ಕತೆ ಹೇಳ್ಬೇಕು!"

ಹಾರ್ನ್ ನಿಲ್ಲಿಸಿ ಅಲೆಕ್ಸ್ ಕಾರು ಹೊರಡಿಸುವ ಮೊದಲೇ ತೆರೆಸಾ ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತು, ಗೋಣಿಯಿಂದಲೇ ಕತೆ ಸುರುಮಾಡಿದ್ದಳು.