ಮುಟ್ಟಬಾರದ ಹಾವು

ಮತ್ತೋಡು ಹತ್ತಿರದ ಸಣ್ಣ ಸರ್ಕಾರಿ ಶಾಲೆಯೊಂದರಲ್ಲಿ ಮೂರನೇ ತರಗತಿಯವರೆಗಿನ ಹದಿನಾಲ್ಕು ಮಕ್ಕಳಿಗೂ ಜಯಶೀಲಾ ಒಬ್ಬರೇ ಟೀಚರ್. ಚಿತ್ರ ತೋರಿಸಿ ಪ್ರಾಣಿಗಳ ಪಾಠ ಮಾಡುವುದು ಅವರಿಗೆ ಒಗ್ಗದು. ಇರುವೆ ಗೂಡಾಗಲಿ, ಗೀಜಗನ ಗೂಡಾಗಲಿ, ಇದ್ದಲ್ಲಿಗೇ ಕರೆದೊಯ್ದು ತೋರಿಸುತ್ತಿದ್ದರು. ಹಿಂದಿನ ವಾರ ಅಂಗಳಕ್ಕೆ ಮಣ್ಣುಮುಕ್ಕ ಹಾವೊಂದು ಬಂದಾಗ, ವಿಷವಿಲ್ಲದ ಸಾಧುಜೀವಿ ಎಂದು ಹೇಳಿ ಮಕ್ಕಳಿಂದ ಅದರ ಬೆನ್ನು ಮುಟ್ಟಿಸಿದ್ದರು. ಎಲ್ಲರಿಗಿಂತ ಹೆಚ್ಚು ಹೊತ್ತು ಮುಟ್ಟಿದವಳು ಆರು ವರ್ಷದ ಅಂಜಲಿ.

ಆ ಬುಧವಾರ ಬೆಳಿಗ್ಗೆ ಶಾಲೆಯ ಹಿಂದಿನ ಕಲ್ಲುಬಯಲಿನಲ್ಲಿ ಮಕ್ಕಳು ಬಗೆಬಗೆಯ ಎಲೆ ಆರಿಸುತ್ತಿದ್ದರು.

"ಟೀಚರ್, ಇಲ್ಲೂ ಒಂದು ಮಣ್ಣುಮುಕ್ಕ ಐತೆ!"

ಜಯಶೀಲಾ ತಿರುಗಿದರು. ಎರಡು ಬಂಡೆಗಳ ಸಂದಿಯಲ್ಲಿ ಅಂಜಲಿ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದ್ದಳು. ಬೆರಳಿನಿಂದ ಮೊಳದ ದೂರದಲ್ಲಿ ಸುರುಳಿ ಸುತ್ತಿದ್ದ ಹಾವಿನ ಬೆನ್ನ ಮೇಲೆ ಸರಪಳಿಯಂಥ ಕಂದು ಕಲೆಗಳು. ಕಡು ವಿಷದ ಕೊಳಕುಮಂಡಲ.

"ಅಂಜಲಿ, ಕೈ ಹಿಂದಕ್ಕೆ ತಗೊ. ಮೆಲ್ಲಕೆ."

"ಕಚ್ಚಲ್ಲ ಟೀಚರ್. ನೀವೇ ಹೇಳಿದ್ರಲ್ಲ."

ಹಾವು ಮೈ ಉಬ್ಬಿಸಿ, ಕುಕ್ಕರ್ ಆವಿ ಬಿಟ್ಟಂತೆ ಬುಸುಗುಟ್ಟಿತು. ಅಂಜಲಿಯ ಮುಖ ಬಿಳಚಿತು. ಅವಳ ಬೆನ್ನ ಹಿಂದೆ ಬಂಡೆ, ಸರಿಯಲು ಜಾಗವಿರಲಿಲ್ಲ.

"ಅಲ್ಲಾಡಬ್ಯಾಡ ಪುಟ್ಟಿ. ನನ್ನ ಮುಖ ನೋಡು." ಹಿಂದೆ ಓಡಿ ಬರುತ್ತಿದ್ದ ಮಕ್ಕಳಿಗೆ ತಿರುಗದೆಯೇ ಹೇಳಿದರು, "ಯಾರೂ ಬರಬ್ಯಾಡ್ರಿ, ಇದ್ದಲ್ಲೇ ನಿಂತ್ಕಳ್ರಿ."

ಅಲ್ಲೇ ಕುರಿ ಮೇಯಿಸುತ್ತಿದ್ದ ಗುಡ್ಡಪ್ಪ ಬುಸುಗಾಟ ಕೇಳಿ ಬಂದ. ಕೋಲು ಎತ್ತಿದ.

"ಹೊಡಿಬ್ಯಾಡ್ರಿ! ಏಟು ತಪ್ಪಿದ್ರೆ ಹಾವು ಮಗೀನ ಮ್ಯಾಲೇ ಬೀಳ್ತದೆ."

"ಮತ್ತೇನ್ ಮಾಡಾಣ ಟೀಚರಮ್ಮ?"

"ಕಂಬಳಿ ಹಾಕ್ರಿ. ನಾನು ಎಳ್ಕಂತೀನಿ."

ಗುಡ್ಡಪ್ಪ ಹೆಗಲ ಕಂಬಳಿ ಬಿಚ್ಚಿ, ಒಂದು ಕ್ಷಣ ಅಳೆದು, ಎಸೆದ. ಅದು ಹಾವಿನ ಮೇಲೆ ಬಿದ್ದದ್ದೇ ತಡ, ಜಯಶೀಲಾ ಹುಡುಗಿಯ ರಟ್ಟೆ ಹಿಡಿದು ಎಳೆದುಕೊಂಡರು. ಒಳಗಿನಿಂದ ಹಾವು ಎರಡು ಸಲ ಬಡಿದು ಕಂಬಳಿ ಟಪ್ ಟಪ್ ಎಂದು ಕುಪ್ಪಳಿಸಿತು. ಅವರು ಅಂಜಲಿಯ ಒಂದೊಂದು ಬೆರಳನ್ನೂ ತಿರುವಿ ನೋಡಿದರು. ಗಾಯವಿರಲಿಲ್ಲ.

ಎಲ್ಲರೂ ದೂರ ನಿಂತರು. ಬಹಳ ಹೊತ್ತಿನ ಮೇಲೆ ಹಾವು ಕಂಬಳಿಯಡಿಯಿಂದ ಹೊರಬಂದು ಪೊದೆಗೆ ಹೋಯಿತು.

ಸಂಜೆ ಅಂಜಲಿಯ ತಂದೆ ಕನಕರಾಜ್ ಬೈಕಿನಲ್ಲಿ ಬಂದ. ಅವನು ಬಾಯಿ ತೆರೆಯುವ ಮೊದಲೇ ಜಯಶೀಲಾ ಹೇಳಿದರು, "ತಪ್ಪು ನಂದು. ಮುಟ್ಟೋದು ಕಲಿಸ್ದೆ. ಯಾವ್ದು ಮುಟ್ಟಬಾರ್ದು ಅಂತ ಕಲಿಸ್ಲಿಲ್ಲ."

"ಅದು ಕಚ್ಚಿದ್ದಿದ್ರೆ, ನೀವು ತಪ್ಪು ಒಪ್ಕಂಡ ಮಾತ್ರಕ್ಕೆ ನನ್ ಮಗಳು ವಾಪಸ್ ಬರ್ತಿದ್ಲೇನ್ರಿ?" ಎಂದ ಕನಕರಾಜ್. "ನಾಳೆಯಿಂದ ಕಳ್ಸಾದಿಲ್ಲ."

ಮರುದಿನವೂ, ಅದರ ಮರುದಿನವೂ ಅಂಜಲಿ ಬರಲಿಲ್ಲ. ಜಯಶೀಲಾ ಉಳಿದ ಮಕ್ಕಳನ್ನೂ ಪಾಠಕ್ಕೆಂದು ಹೊಸ್ತಿಲು ದಾಟಿಸಲಿಲ್ಲ.

ಶನಿವಾರ ಅಂಜಲಿಯ ಅಜ್ಜಿ ಮಲ್ಲಕ್ಕ ಅವಳ ಕೈ ಹಿಡಿದು ಬಂದಳು.

"ಇವ್ಳಪ್ಪನ ಜೊತೆ ಜಗಳಾಡಿ ಕರ್ಕಂಬಂದೀನಿ. ಇವ್ಳು ಹಿತ್ತಲಿಗೆ ಕಾಲಿಡವಲ್ಲಳು. ಹಲ್ಲಿ ಕಂಡ್ರೂ ಚೀರ್ತಾಳೆ. ಹಿಂಗಾದ್ರೆ ಊರಾಗೆ ಬಾಳೋದು ಹ್ಯಾಂಗೆ? ನೀವೇ ಸರಿ ಮಾಡ್ರಿ."

ಜಯಶೀಲಾ ಇಬ್ಬರನ್ನೂ ಅಂಗಳದ ಹೊಂಗೆಮರದಿಂದ ಹತ್ತು ಹೆಜ್ಜೆ ಈಚೆಗೆ ನಿಲ್ಲಿಸಿದರು. ಕಾಂಡದ ಮೇಲೆ ಓತಿಕ್ಯಾತವೊಂದು ಕೂತಿತ್ತು.

"ಇಲ್ಲಿಂದಲೇ ನೋಡಾಣ. ಹತ್ರ ಹೋಗಾದು ಬ್ಯಾಡ."

ಅಂಜಲಿ ಅಜ್ಜಿಯ ಸೀರೆಯಲ್ಲಿ ಮುಖ ಹುದುಗಿಸಿದಳು. ಸ್ವಲ್ಪ ಹೊತ್ತಿಗೆ ಒಂದು ಕಣ್ಣು ಹೊರಗೆ ಇಣುಕಿತು.

"ಅದ್ಯಾಕೆ ತಲೆ ಆಡಿಸ್ತೈತೆ?"

"ಇದು ನನ್ ಜಾಗ, ದೂರ ಇರ್ರಿ ಅಂತೈತೆ."

ಅಂಜಲಿ ಸೀರೆ ಬಿಡಲಿಲ್ಲ. ಆದರೆ ಓತಿಕ್ಯಾತ ಕೊಂಬೆ ಹತ್ತಿ ಮರೆಯಾಗುವವರೆಗೂ ನೋಡಿದಳು.