ಹಗಲು ನಿದ್ದೆಯ ಮನೆ

ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಾನೆ. ಒಂದು ವಾರ ಬೆಳಗಿನ ಪಾಳಿ, ಮರುವಾರ ಮಧ್ಯಾಹ್ನದ್ದು, ಅದರ ಮರುವಾರ ರಾತ್ರಿಯದು. ಮೈ ಒಂದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಇನ್ನೊಂದು ಶುರು. ರಾತ್ರಿ ಪಾಳಿಯ ವಾರದಲ್ಲಂತೂ ಅವನು ನಮ್ಮಪ್ಪನೇ ಅಲ್ಲ. ಚಹಾಕ್ಕೆ ಉಪ್ಪು ಬೆರೆಸಿಕೊಂಡು ಪೂರ್ತಿ ಕುಡಿಯುತ್ತಾನೆ. ಟಿವಿಯಲ್ಲಿ ಸೋಪಿನ ಜಾಹೀರಾತು ನೋಡಿ ಗಳಗಳ ಅಳುತ್ತಾನೆ, ಆ ಕಣ್ಣೀರು ಆರುವ ಮೊದಲೇ ಚಮಚ ಬೀಳಿಸಿದ್ದಕ್ಕೆ ನನ್ನ ಕೆನ್ನೆಗೆ ಬಾರಿಸುತ್ತಾನೆ. ನಿದ್ದೆ ಮಾಡಿ ಎದ್ದ ಮೇಲೆ ಎಷ್ಟೋ ಸಲ ಅದು ನೆನಪಿರುವುದಿಲ್ಲ. ನಾನು ಯಾವಾಗ ಹೊಡೆದೆ ಅಂತ ನನ್ನನ್ನೇ ಕೇಳುತ್ತಾನೆ.

ಅವನು ಮಲಗಿದಾಗ ಸದ್ದಾಗಬಾರದೆಂಬ ಕಾನೂನು ಮಾಡಿದ್ದು ಮಾತ್ರ ಅಮ್ಮ. ಒಮ್ಮೆ ನೆಂಟರ ಗಲಾಟೆಯಲ್ಲಿ ಹಗಲೆಲ್ಲ ನಿದ್ದೆಗೆಟ್ಟು ಕೆಲಸಕ್ಕೆ ಹೋದ ಅಪ್ಪ ಕ್ರೇನಿನಲ್ಲಿ ತೂಕಡಿಸಿದ್ದ. ಕೆಳಗಿದ್ದವನ ಕೈ ಜಜ್ಜಿಹೋಗಿತ್ತು. ಅಂದಿನಿಂದ ನಮ್ಮ ಕುರ್ಚಿಗಳ ಕಾಲಿಗೆ ಹಳೇ ಕಾಲುಚೀಲ, ಕರೆಗಂಟೆಯ ತಂತಿಗೆ ಕತ್ತರಿ. ನಾನೂ ಅಮ್ಮನೂ ಕೈಸನ್ನೆಯಲ್ಲೇ ಜಗಳವಾಡುತ್ತಿದ್ದೆವು. ಚಿಕ್ಕಮ್ಮ ಬಂದರೆ ಬಾಗಿಲಾಚೆಯ ಮೆಟ್ಟಿಲ ಮೇಲೇ ಉಪಚಾರ. ನಿಮ್ಮನೇಲಿ ಹಾರಾಡೋಕೆ ಸೊಳ್ಳೆನೂ ಪರ್ಮಿಷನ್ ತಗೋಬೇಕೇನೇ ಅಂತ ಅವಳು ಕೆಣಕಿದರೆ, ಅಮ್ಮ ಬಾಯಿಗೆ ಅಂಗೈ ಒತ್ತಿಕೊಂಡು ಮೈ ಕುಲುಕಿಸಿ ನಗುತ್ತಿದ್ದಳು.

ಮೊನ್ನೆ, ಅಪ್ಪನ ರಾತ್ರಿ ಪಾಳಿಯ ವಾರದಲ್ಲಿ, ನಾನು ಗ್ರಂಥಾಲಯದ ಕೆಲಸ ಮುಗಿಸಿ ಸಂಜೆ ಬಂದಾಗ ಅಮ್ಮ ಅಡುಗೆಮನೆಯ ನೆಲದಲ್ಲಿ ಬಿದ್ದಿದ್ದಳು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಬಲಗೈ, ಬಲಗಾಲು ಯಾರದೋ ಎಂಬಂತೆ ಬಿದ್ದಿದ್ದವು. ಜೊತೆಗೆ ಬಿದ್ದ ಪಾತ್ರೆಯ ಮುಚ್ಚಳ ಉರುಳಿ ಸದ್ದು ಮಾಡೀತೆಂದು ಎಡಗೈಯನ್ನು ಅದರ ಮೇಲೆ ಒತ್ತಿಹಿಡಿದಿದ್ದಳು. ನಾನು ಬಂದರೂ ಬಿಡಲಿಲ್ಲ. ಒಲೆಯ ಮೇಲೆ ಬೆಳಗಿನ ಹಾಲು ಕಾಯಿಸದೆ ಹಾಗೇ ಇತ್ತು.

ಅಪ್ಪನ ಕೋಣೆಗೆ ಓಡಿ ಭುಜ ಅಲುಗಾಡಿಸಿದೆ. ಅಮ್ಮ ಬಿದ್ದಿದ್ದಾಳೆ ಅಂದೆ.

"ಮಲಗಲಿ ಬಿಡು. ಅವಳಿಗೂ ನಿದ್ದೆ ಬೇಡ್ವಾ?" ಅಂದು ಮಗ್ಗುಲು ಬದಲಿಸಿದ.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಆ ಕಡೆಯವನಿಗೆ ನನ್ನ ಮಾತು ಕೇಳಿಸಲಿಲ್ಲ, ಜೋರಾಗಿ ಹೇಳಮ್ಮ, ಜೋರಾಗಿ ಹೇಳು ಅನ್ನುತ್ತಲೇ ಇದ್ದ. ಬೀದಿಗೆ ಬಂದೆ. ಅಲ್ಲೂ ಗಂಟಲಿಂದ ಪಿಸುಮಾತೇ ಹೊರಟಿತು. ಕೊನೆಗೆ ಪಕ್ಕದ ಮನೆಯ ಟೈಲರಮ್ಮ ಫೋನ್ ಕಿತ್ತುಕೊಂಡು ವಿಳಾಸ ಕೂಗಿದರು. ಆ ಕೂಗಿಗೆ ಅಪ್ಪ ಎದ್ದು ಬಂದ, ಯಾವಳೇ ಅದು ಅಂತ ಬೈಯುತ್ತ.

ಆಸ್ಪತ್ರೆಯಲ್ಲಿ ಡಾಕ್ಟರು ಅಮ್ಮನ ಮಿದುಳಿನ ರಕ್ತನಾಳ ಕಟ್ಟಿಕೊಂಡಿದೆ ಎಂದರು. ಹೆಪ್ಪು ಕರಗಿಸುವ ಔಷಧಿ ಇದೆ, ಆದರೆ ಬಿದ್ದ ಕೆಲವೇ ಗಂಟೆಗಳೊಳಗೆ ಕೊಡಬೇಕಂತೆ. ಯಾವಾಗ ಬಿದ್ದರು, ಮನೆಯಲ್ಲಿ ಯಾರೂ ಇರಲಿಲ್ಲವೇ ಎಂದು ಕೇಳಿದರು.

ಅಪ್ಪ ಕಣ್ಣುಜ್ಜಿಕೊಂಡ. ಏನನ್ನೂ ಮುಚ್ಚಿಡುವ ಮುಖವಲ್ಲ ಅದು. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಬೇಕೆಂಬ ಮುಖ.

"ಬೆಳಗ್ಗೆ ನಾನು ಮಲಗಿದ್ಮೇಲೆ ನೀರು ಕುಡಿಯೋಕೆ ಒಂದ್ಸಲ ಎದ್ದಿದ್ದೆ ಸಾರ್. ಆಗ್ಲೇ ನೆಲದ ಮೇಲಿದ್ಲು. ಕಣ್ಣು ಬಿಟ್ಕೊಂಡು ನನ್ನೇ ನೋಡ್ತಿದ್ಲು. ದಾಟ್ಕೊಂಡು ಹೋಗಿ ನೀರು ಕುಡ್ದೆ. ಅವಳೂ ಏನೂ ಅನ್ಲಿಲ್ಲ. ಮಾತಾಡಿಸಿದ್ರೆ ನನ್ನ ನಿದ್ದೆ ಹಾರಿಹೋಗುತ್ತಲ್ಲ ಅಂತ ನಾನೂ ಸುಮ್ನಾದೆ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಜೀವಕ್ಕೆ ಅಪಾಯವಿಲ್ಲ, ಆದರೆ ಹೋದ ಮಾತು ಮರಳಿ ಬರುವುದು ಕಷ್ಟ ಎಂದು ನನ್ನೊಬ್ಬಳಿಗೇ ಹೇಳಿದರು. ಅಷ್ಟರಲ್ಲಿ ಅಪ್ಪ ಹೊರಗಿನ ಬೆಂಚಿನ ಮೇಲೆ ಚಪ್ಪಲಿ ಹಾಕಿಕೊಂಡೇ ಉರುಳಿಕೊಂಡಿದ್ದ. ಗೊರಕೆ ಶುರುವಾಗಿತ್ತು. ನಾನು ಹೋಗಿ ಅವನ ಕಿವಿಯ ಹತ್ತಿರ ಬಗ್ಗಿದೆ. ಎಲ್ಲಿತ್ತೋ ಗೊತ್ತಿಲ್ಲ, ದನಿ ಬಂತು. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಅಪ್ಪಾ, ಅಮ್ಮಂಗೆ ಇನ್ನು ಮಾತು ಬರಲ್ಲ."

ಅವನು ಕಣ್ಣು ಅರ್ಧ ತೆರೆದ.

"ಆಯ್ತು. ಎದ್ಮೇಲೆ ಹೇಳು," ಅಂದ.